ಊರಿನ ವಾಚನಾಲಯದ ದುಡ್ಡು: ಗೋಡೆಗೆ ಚಿತ್ರವಾ, ಪುಸ್ತಕಕ್ಕೆ ಕಪಾಟಾ?

ವಾಚನಾಲಯದ ಕೀಲಿಕೈ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತಲೆಬಿಸಿಯಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ ನಮ್ಮದೊಂದು ಸಣ್ಣ ವಾಚನಾಲಯ ಉಂಟು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎರಡೇ ಕೋಣೆ. ಒಂದರಲ್ಲಿ ಪೇಪರ್ ಓದುವ ಬೆಂಚು, ಇನ್ನೊಂದರಲ್ಲಿ ಪುಸ್ತಕ. ಕೀಲಿಕೈ ನನ್ನ ಹತ್ತಿರ ಇರುವುದರಿಂದ ಬೈಗುಳವೂ ನನ್ನ ಪಾಲಿಗೇ. ಈ ಸಲ ಹಳೆಯ ಸದಸ್ಯರು, ಗಲ್ಫಿನಲ್ಲಿ ಇರುವವರು ಎಲ್ಲ ಸೇರಿ 40,000 ರೂಪಾಯಿ ಒಟ್ಟು ಮಾಡಿ ಕೊಟ್ಟಿದ್ದಾರೆ.

ಸಮಿತಿಯ ಹುಡುಗರು ಹೇಳುವುದು: ಎದುರಿನ ಗೋಡೆಗೆ ದೊಡ್ಡದಾಗಿ ಯಕ್ಷಗಾನದ ಚಿತ್ರ ಬರೆಸೋಣ, ಮಕ್ಕಳು ಬರುತ್ತಾರೆ. ಹಿರಿಯರು ಹೇಳುವುದು: ಪುಸ್ತಕ ನೆಲದಲ್ಲಿ ರಾಶಿ ಬಿದ್ದಿರುವಾಗ ಗೋಡೆಗೆ ಎಂತಕ್ಕೆ ಸಿಂಗಾರ, ಎರಡು ಕಬ್ಬಿಣದ ಕಪಾಟು ತನ್ನಿ. ಎರಡು ಕಪಾಟಿಗೆ 22,000 ಹೇಳಿದ್ದಾರೆ.

ನಾನು ಕಪಾಟಿನ ಪಕ್ಷ. ಓದುವ ಜಾಗದಲ್ಲಿ ಚಿತ್ರಕ್ಕೆ ಎಂತ ಕೆಲಸ ಅಂತ ನನಗೆ ನಿಜವಾಗಿಯೂ ಅರ್ಥ ಆಗುವುದಿಲ್ಲ. ಆದರೆ ಕಳೆದ ತಿಂಗಳ ವಿತರಣೆ ರಿಜಿಸ್ಟರ್ ನೋಡಿದೆ. ಕನ್ನಡ ಪುಸ್ತಕ ಕೊಂಡುಹೋದವರು ಹನ್ನೊಂದು ಜನ. ಅದರಲ್ಲಿ ಮಕ್ಕಳು ಇಬ್ಬರು. ಆ ಇಬ್ಬರೂ ನನ್ನ ಮನೆಯವರೇ. ಕಪಾಟು ತಂದರೆ ಇದು ಸರಿಯಾಗುತ್ತದಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನೀವೆಲ್ಲ ಎಂತ ಹೇಳುತ್ತೀರಿ?

ಅಡಿಕೆ ಚೀಲ

ಕಪಾಟು. ಮುಗಿಯಿತು. ಮುಂದಿನ ವಿಷಯ ಹೇಳಿ.

ಕುಂಬಳೆಯ ಚೆಂಡೆ

ಹೇಗೆ ಮುಗಿಯುವುದು ಮಾರಾಯ್ರೆ? ಯಕ್ಷಗಾನದ ಪ್ರಸಂಗ ಬರೆದ ಪಾರ್ತಿಸುಬ್ಬ ಹುಟ್ಟಿದ ಸೀಮೆಯ ವಾಚನಾಲಯದಲ್ಲಿ ಯಕ್ಷಗಾನದ ಒಂದು ಚಿತ್ರ ಇಲ್ಲ ಅಂದರೆ ನಮಗೆ ನಾಚಿಕೆ ಆಗಬೇಕು. ಪ್ರಸಂಗದ ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಅದೇ ವೇಷ ಗೋಡೆಯಲ್ಲಿ ಇದ್ದರೆ ಮಗು ಕೇಳುತ್ತದೆ, ಇದು ಯಾರು, ಯಾಕೆ ಹೀಗೆ ಕಣ್ಣು ಬಿಟ್ಟಿದ್ದಾನೆ ಅಂತ. ಅಲ್ಲಿಂದ ಪುಸ್ತಕಕ್ಕೆ ಎರಡೇ ಹೆಜ್ಜೆ.

ಒರಲೆ

ಎರಡು ಹೆಜ್ಜೆ ಇಟ್ಟರೆ ನೆಲದಲ್ಲಿರುವ ರಾಶಿ ಎಡವಿ ಬೀಳುತ್ತದೆ ಮಗು. ಪುಸ್ತಕ ನೆಲದಲ್ಲೇ ಇರಲಿ ಅಂತ ನನ್ನ ಗೆದ್ದಲು ಕುಟುಂಬದ ಒಮ್ಮತದ ಅಭಿಪ್ರಾಯ. ನಮಗೆ ಹತ್ತಿರ.

ಪೆರ್ಲದಕ್ಕ

ಯಕ್ಷಗಾನದ ಚಿತ್ರ ಅಂದಾಗ ಒಂದು ನೆನಪಾಯಿತು. ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ. ಓದುವ ಕೋಣೆಯ ಗೋಡೆಗೆ ಚಿತ್ರ ಬರೆಸಿದರು. ಪೈಂಟರ್ ದೂರದಿಂದ ಬಂದವ. ಕೈ ಒಳ್ಳೆಯದೇ, ಅದರಲ್ಲಿ ಮಾತಿಲ್ಲ. ಮೊಬೈಲಿನಲ್ಲಿ ಯಕ್ಷಗಾನ ಅಂತ ಹುಡುಕಿ, ಮೊದಲು ಸಿಕ್ಕಿದ ಫೋಟೋ ನೋಡಿ ಚಂದ ಮಾಡಿ ಬರೆದ. ಉದ್ಘಾಟನೆಯ ದಿನ ಊರಿನ ಒಬ್ಬರು ಹಳೆಯ ವೇಷಧಾರಿಯನ್ನೇ ಕರೆದಿದ್ದರು. ಅವರು ಬಾಗಿಲಲ್ಲಿ ನಿಂತವರು ಒಳಗೆ ಬರಲೇ ಇಲ್ಲ. ಗೋಡೆಯಲ್ಲಿ ಇದ್ದದ್ದು ಕೇದಗೆ ಮುಂದಲೆ ಅನ್ನುವ ತಲೆಕಟ್ಟು! ಶುದ್ಧ ಬಡಗುತಿಟ್ಟು, ಅಂದರೆ ಉತ್ತರದ ಕಡೆಯ ಶೈಲಿ. ನಮ್ಮದು ತೆಂಕು. "ನಮ್ಮ ಚಾವಡಿಯಲ್ಲಿ ಪಕ್ಕದ ಮನೆ ಅಜ್ಜನ ಫೋಟೋ ತೂಗಿಸಿದ ಹಾಗಾಯಿತು" ಅಂದರು. ಸನ್ಮಾನದ ಶಾಲು ಹೊದಿಸುವಾಗಲೂ ಗೋಡೆಗೆ ಬೆನ್ನು ಹಾಕಿಯೇ ಕೂತಿದ್ದರು.

ಈಗಲೂ ಆ ಚಿತ್ರ ಅಲ್ಲೇ ಉಂಟು. ಮಕ್ಕಳಿಗೆ ಅದೇ ಯಕ್ಷಗಾನ.

ಉಪ್ಪಳ ಎಕ್ಸ್‌ಪ್ರೆಸ್

ಬಡಗು ಯಕ್ಷಗಾನ ಅಲ್ವಾ ಹಾಗಾದರೆ? ಕನ್ನಡದ್ದೇ ಕಲೆ. ಅಷ್ಟು ಮಡಿ ಯಾಕೆ?

ಕುಂಬಳೆಯ ಚೆಂಡೆ

ಮಡಿ ಅಲ್ಲ ಎಕ್ಸ್‌ಪ್ರೆಸ್ ಅಣ್ಣ. ಬಡಗನ್ನು ಕುಂದಾಪುರದಲ್ಲಿ ಬರೆಸಲಿ, ನಾನೇ ಹೋಗಿ ಚಪ್ಪಾಳೆ ತಟ್ಟುತ್ತೇನೆ. ನಮ್ಮ ಮಕ್ಕಳು ರಾತ್ರಿ ಆಟದಲ್ಲಿ ನೋಡುವ ಕಿರೀಟ ಬೇರೆ, ಗೋಡೆಯಲ್ಲಿ ಕಾಣುವ ತಲೆ ಬೇರೆ ಆದರೆ ಗೋಡೆ ಸುಳ್ಳು ಹೇಳಿದ ಹಾಗೆ. ವಾಚನಾಲಯದ ಗೋಡೆ ಸುಳ್ಳು ಹೇಳಬಾರದು. ಪುಸ್ತಕದಲ್ಲಿ ಅಚ್ಚಿನ ತಪ್ಪು ಬಂದರೆ ನೀವು ಬಿಡುತ್ತೀರಾ?

ಉಪ್ಪಳ ಎಕ್ಸ್‌ಪ್ರೆಸ್

ಬಿಡುತ್ತೇನೆ. ನನ್ನ ರೇಷನ್ ಕಾರ್ಡಿನಲ್ಲಿ ನನ್ನ ಹೆಸರೇ ತಪ್ಪು ಉಂಟು.

ಸುಣ್ಣದ ಬಾಲ್ದಿ

ನಾನು ಪೈಂಟಿನ ಕೆಲಸದವನು, ಹಾಗಾಗಿ ಮಾತಾಡಬಹುದು. ನೀವೆಲ್ಲ ಯಾವ ಚಿತ್ರ ಅಂತ ಜಗಳ ಮಾಡುತ್ತಿದ್ದೀರಿ. ಗೋಡೆ ಯಾವುದು ಅಂತ ಯಾರೂ ಕೇಳಲಿಲ್ಲ.

ಮುರಕಲ್ಲು ನೀರು ಕುಡಿಯುವ ಕಲ್ಲು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಪಡುವಣ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ಕೆಳಗಿನಿಂದ ನೆಲದ ತೇವ ಬೇರೆ ಏರುತ್ತದೆ. ಅಂಥ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆದು ಚಿತ್ರ ಬರೆದರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಮೊದಲ ಮಳೆಗಾಲದಲ್ಲಿ ಗುಳ್ಳೆ, ಎರಡನೆಯದರಲ್ಲಿ ಬಿಳಿ ಉಪ್ಪಿನ ಹುಡಿ, ಮೂರನೆಯದರಲ್ಲಿ ನಿಮ್ಮ ಮಹಿಷಾಸುರನ ಮೂಗು ನೆಲದಲ್ಲಿ. ಸುಣ್ಣ ಹಾಗಲ್ಲ, ಅದು ತೇವವನ್ನು ಹೊರಗೆ ಬಿಡುತ್ತದೆ. ಮಣ್ಣಿನ ಬಣ್ಣ, ಅಂದರೆ ಕಾವಿ, ಹಳದಿ ಮಣ್ಣು ಇವೆಲ್ಲ ಸುಣ್ಣದ ಜೊತೆ ಹೊಂದಿಕೊಳ್ಳುತ್ತವೆ. ಉತ್ತರ ಕನ್ನಡ, ಗೋವಾ ಕಡೆಯ ಹಳೆಯ ದೇವಸ್ಥಾನಗಳಲ್ಲಿ ಕಾವಿ ಚಿತ್ರ ನೋಡಿದ್ದೀರಲ್ಲ? ಸುಣ್ಣದ ಗೋಡೆಗೆ ಕಾವಿಯ ಪದರ ಕೊಟ್ಟು, ಹಸಿ ಇರುವಾಗಲೇ ಗೀರಿ ಕೆಳಗಿನ ಬಿಳಿ ಕಾಣಿಸುವುದು. ಎಷ್ಟು ಮಳೆಗಾಲ ಕಂಡಿರಬಹುದು ಲೆಕ್ಕ ಹಾಕಿ.

ಬರೆಸುವುದೇ ಆದರೆ ಮೂಡು ಗೋಡೆಗೆ ಬರೆಸಿ. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಬರೆಸಿ. ಹೊಸ ಸಾರಣೆ ಆದರೆ ಒಂದು ತಿಂಗಳಾದರೂ ಬಿಡಿ. ಒಳಗೆ ಫ್ರೇಮ್ ತೂಗಿಸುವುದಿದ್ದರೆ ಹಿಂದೆ ನಾಲ್ಕು ಮೂಲೆಗೆ ಬೂಚಿನ ತುಂಡು ಅಂಟಿಸಿ. ಗಾಳಿ ಆಡಿದರೆ ಬೂಷ್ಟು ಹಿಡಿಯುವುದು ಕಮ್ಮಿ. ಕಪಾಟನ್ನೂ ಗೋಡೆಗೆ ತಾಗಿಸಿ ಇಡಬೇಡಿ.

ಒರಲೆ

ಕೊನೆಯ ಸಾಲನ್ನು ದಯವಿಟ್ಟು ಅಳಿಸಿ.

ಮಂಜೇಶ್ವರದ ಮಳೆ

ಬಾಲ್ದಿಯವರು ಹೇಳಿದ್ದು ನೂರಕ್ಕೆ ನೂರು. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಒಂದು ಗ್ರಂಥಾಲಯ ಉಂಟು, 1950ರ ದಶಕದ್ದು. ಕಟ್ಟಡದ ನಾಲ್ಕೂ ಮೈ ಪೂರ್ತಿ ಚಿತ್ರ, ಅವರ ನಾಡಿನ ಚರಿತ್ರೆ. ಮಾಡಿದವರು ಹುವಾನ್ ಓ'ಗಾರ್ಮನ್. ಅವರು ಬಣ್ಣವನ್ನೇ ಮುಟ್ಟಲಿಲ್ಲ. ಬಿಸಿಲಿಗೆ, ಮಳೆಗೆ ಮಾಸುತ್ತದೆ ಅಂತ ದೇಶದ ಬೇರೆ ಬೇರೆ ಕಡೆ ತಿರುಗಿ ಬಣ್ಣಬಣ್ಣದ ಕಲ್ಲು ಹುಡುಕಿ ತಂದು, ಒಡೆದು ಜೋಡಿಸಿದರು. ಕಲ್ಲಿನ ಬಣ್ಣ ಎಲ್ಲಿಗೆ ಹೋಗುತ್ತದೆ?

ಅಡಿಕೆ ಚೀಲ

ನಮ್ಮಲ್ಲಿ ಇರುವುದು ಮುರಕಲ್ಲು ಒಂದೇ. ಕೆಂಪು ಚಿತ್ರ ಬರುತ್ತದೆ, ಕೆಂಪು ಬಾನು, ಕೆಂಪು ಮರ, ಕೆಂಪು ರಾವಣ.

ಮತ್ತೆ ಅದು ವಿಶ್ವವಿದ್ಯಾಲಯ. ಇಲ್ಲಿ 40,000 ರೂಪಾಯಿ. ದೊಡ್ಡವರ ಮನೆ ಮದುವೆ ನೋಡಿ ನಮ್ಮ ಮನೆ ಚಪ್ಪರ ಹಾಕುವುದಲ್ಲ.

ಬಾಸ್ಟನ್ ಭಾವ

ನಾನು ನೀರ್ಚಾಲಿನವ, ಈಗ ಇರುವುದು ಅಮೆರಿಕದ ಬಾಸ್ಟನ್‌ನಲ್ಲಿ. ದೊಡ್ಡವರ ಮನೆ ಮದುವೆಯಲ್ಲಿ ಜಗಳವೂ ದೊಡ್ಡದೇ ಅಂತ ಹೇಳಲು ಬಂದೆ.

ಇಲ್ಲಿಯ ಸಾರ್ವಜನಿಕ ಗ್ರಂಥಾಲಯದ ಮೇಲಿನ ಅಂತಸ್ತಿನಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಭಿತ್ತಿಚಿತ್ರಗಳ ಸಾಲು ಉಂಟು. 1890ರಲ್ಲಿ ಒಪ್ಪಿಕೊಂಡ ಕೆಲಸ, ಸುಮಾರು ಮೂವತ್ತು ವರ್ಷ ಎಳೆಯಿತು. ವಿಷಯ ಧರ್ಮಗಳ ಚರಿತ್ರೆ. 1919ರಲ್ಲಿ ಯೆಹೂದಿ ಧರ್ಮದ ಒಂದು ಚಿತ್ರ ಗೋಡೆಗೆ ಬಂತು. ಅದರಲ್ಲಿ ಆ ಧರ್ಮವನ್ನು ಕಣ್ಣಿಗೆ ಬಟ್ಟೆ ಕಟ್ಟಿದ, ಸೋತು ಕುಸಿದ ಹೆಂಗಸಿನ ಹಾಗೆ ತೋರಿಸಿದ್ದರು. ಯೆಹೂದಿಗಳಿಗೆ ನೋವಾಯಿತು. ನಮ್ಮ ತೆರಿಗೆ ದುಡ್ಡಿನ ಕಟ್ಟಡದಲ್ಲಿ ನಮ್ಮನ್ನೇ ಹಳಿಯುವುದಾ ಅಂತ ಕೇಳಿದರು. ಚಿತ್ರ ತೆಗೆಸಲು ಸರಕಾರ ಕಾನೂನನ್ನೂ ಮಾಡಿತು, ಆಮೇಲೆ ಅದನ್ನು ಹಿಂದೆ ತೆಗೆದುಕೊಂಡಿತು. ಸಾಲಿನ ಕೊನೆಯ ಚಿತ್ರವನ್ನು ಸಾರ್ಜೆಂಟ್ ಬರೆಯಲೇ ಇಲ್ಲ. 1925ರಲ್ಲಿ ತೀರಿಕೊಂಡರು. ಆ ಜಾಗ ಇವತ್ತಿಗೂ ಖಾಲಿ. ಮೇಲೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಖಾಲಿ ಗೋಡೆಗೇ.

ಹಾಗಾಗಿ ಯಕ್ಷಗಾನ ಬರೆಸುವ ಮೊದಲು ಯಾವ ಪ್ರಸಂಗ, ಯಾವ ಪಾತ್ರ ಅಂತ ಸಮಿತಿಯಲ್ಲಿ ಎಲ್ಲರೂ ಕೂತು ಮಾತಾಡಿ. ನಿಮ್ಮಲ್ಲಿ ಬ್ಯಾರಿ ಮುಸ್ಲಿಮರ ಮಕ್ಕಳೂ ಬರುತ್ತಾರಲ್ವಾ?

ವಾಚನಾಲಯದ ಕೀಲಿಕೈ

ಬರುತ್ತಾರೆ. ಪೇಪರ್ ಓದಲು ಬರುವವರಲ್ಲಿ ಅರ್ಧ ಅವರೇ. ಮಲಯಾಳ ಮಾತಾಡುವವರೂ ಇದ್ದಾರೆ. ನಿನ್ನೆಯ ಮೀಟಿಂಗಿನಲ್ಲಿ ಇನ್ನೊಂದು ತಕರಾರು ಎದ್ದಿತು, ಚಿತ್ರದ ಕೆಳಗೆ ಯಾವ ಭಾಷೆಯಲ್ಲಿ ಬರೆಯುವುದು ಅಂತ. ಒಬ್ಬರು ಕನ್ನಡ ಮಾತ್ರ ಅಂದರು. ಒಬ್ಬರು ಎರಡೂ ಅಂದರು. ಮೂರನೆಯವರು ಏನೂ ಬರೆಯುವುದೇ ಬೇಡ, ಚಿತ್ರಕ್ಕೆ ಭಾಷೆ ಇಲ್ಲ ಅಂದರು.

ಪೆರ್ಲದಕ್ಕ

ಚಿತ್ರಕ್ಕೆ ಭಾಷೆ ಇಲ್ಲ ಅನ್ನುವವರಿಗೆ ಆ ಕೇದಗೆ ಮುಂದಲೆಯ ಕತೆ ಇನ್ನೊಮ್ಮೆ ಹೇಳಿ.

ಕುಂಬಳೆಯ ಚೆಂಡೆ

ಕನ್ನಡ ಬೇಕೇ ಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಬೋರ್ಡು, ಫಾರ್ಮು, ಬಸ್ಸಿನ ಹೆಸರು ಒಂದೊಂದೇ ಹೋಗುತ್ತಾ ಬಂತು. ಕನ್ನಡ ಅಕ್ಷರ ಕಣ್ಣಿಗೆ ಬೀಳುವ ಜಾಗ ಅಂತ ಉಳಿದಿರುವುದು ಶಾಲೆ, ದೇವಸ್ಥಾನ ಮತ್ತು ಇಂಥ ವಾಚನಾಲಯ. ಕೆಳಗೆ ಮಲಯಾಳವೂ ಇರಲಿ, ನನಗೆ ಜಗಳ ಇಲ್ಲ. ಕನ್ನಡ ಬಿಟ್ಟರೆ ಜಗಳ ಉಂಟು.

ಉಪ್ಪಳ ಎಕ್ಸ್‌ಪ್ರೆಸ್

ಸುಮ್ನೆ ನಮ್ಮ ಕವಿಗಳು ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈಗಳ ಫೋಟೋ ಹಾಕಿ ಬಿಡಿ. ಯಾರಿಗೂ ತಕರಾರಿಲ್ಲ, ಖರ್ಚೂ ಇಲ್ಲ.

ವಾಚನಾಲಯದ ಕೀಲಿಕೈ

ಅದು ಈಗಾಗಲೇ ಉಂಟು, ಪ್ಲಾಸ್ಟಿಕ್ ಮಾಲೆ ಸಮೇತ. ಮೊನ್ನೆ ಒಂದು ಹುಡುಗಿ ಕೇಳಿದಳು, "ಮಾಮ, ಈ ಅಜ್ಜಂದಿರು ನಿಮ್ಮ ಮನೆಯವರಾ?" ಅಂತ. ಹೌದು ಅಂದೆ.

ನಿವೃತ್ತ ಮಾಷ್ಟ್ರು

ಆ ಹುಡುಗಿಯ ಪ್ರಶ್ನೆಗೆ ನಗುವ ಮೊದಲು ಸ್ವಲ್ಪ ಯೋಚನೆ ಮಾಡಿ. ಕಯ್ಯಾರರು ನೂರು ವರ್ಷ ಬಾಳಿ 2015ರಲ್ಲಿ ಹೋದರು, ಇಲ್ಲೇ ಪೆರಡಾಲದಲ್ಲಿ ಇದ್ದವರು. ಅವಳ ಅಜ್ಜ ಅವರನ್ನು ರಸ್ತೆಯಲ್ಲಿ ಕಂಡಿರಬಹುದು. ಫೋಟೋದ ಕೆಳಗೆ ಅವರ ಒಂದು ಪದ್ಯ ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ, ಅವರ ಪುಸ್ತಕ ಅಲ್ಲೇ ಕೈಗೆ ಸಿಗುವ ಹಾಗೆ ಇದ್ದಿದ್ದರೆ ಅವಳು ಬೇರೆ ಪ್ರಶ್ನೆ ಕೇಳುತ್ತಿದ್ದಳು. ಗೋವಿಂದ ಪೈಗಳ ಪುಸ್ತಕ ಸಂಗ್ರಹ ಉಡುಪಿಯ ಎಂಜಿಎಂ ಕಾಲೇಜಿಗೆ ಹೋಯಿತು. ನಮ್ಮ ಪಾಲಿಗೆ ಮಾಲೆ ಹಾಕಿದ ಫೋಟೋ ಬಂತು.

ಕೀಲಿಕೈಯವರು ಕೇಳಿದ್ದಾರೆ, ಓದುವ ಜಾಗದಲ್ಲಿ ಚಿತ್ರಕ್ಕೆ ಎಂತ ಕೆಲಸ ಅಂತ. ಮೂಡುಬಿದಿರೆಗೆ ಹೋಗಿದ್ದೀರಲ್ಲ? ಅಲ್ಲಿ ಜೈನರು ಕಾಪಾಡಿಕೊಂಡು ಬಂದ ಧವಳಾ ಗ್ರಂಥದ ತಾಳೆಗರಿಗಳು 12ನೇ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಆ ಗರಿಗಳಲ್ಲಿ ಅಕ್ಷರದ ಪಕ್ಕದಲ್ಲೇ ಬಣ್ಣದ ಚಿತ್ರ ಬರೆದಿದ್ದಾರೆ. ಮೂರು ಬೆರಳು ಅಗಲದ ಗರಿಯಲ್ಲಿ! ಚಿತ್ರ ಬೇರೆ, ಓದು ಬೇರೆ ಅಂತ ಅವರಿಗೆ ಅನ್ನಿಸಲಿಲ್ಲ.

ಬೇರೆ ಮಾಡಿದವರು ನಾವು. ನಾನೇ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಶಾಲೆಯ ಲೈಬ್ರರಿ ನನ್ನ ಕೈಯಲ್ಲಿ ಇದ್ದಾಗ ಹೊಸ ಪುಸ್ತಕ ಬಂದ ಕೂಡಲೇ ಬ್ರೌನ್ ಪೇಪರಿನ ಬೈಂಡ್ ಹಾಕಿಸುತ್ತಿದ್ದೆ. ಬೆನ್ನಿಗೆ ಒಂದು ನಂಬರು. ಮುಖಪುಟದಲ್ಲಿ ಪುತ್ತೂರು ಕಡೆಯ ಚಂದ್ರನಾಥ ಆಚಾರ್ಯರಂಥವರು ಬರೆದ ಚಿತ್ರ ಇರುತ್ತಿತ್ತು, ಅದನ್ನು ಮುಚ್ಚಿ ಅಂಟು ಹಚ್ಚುತ್ತಿದ್ದೆ. ಸಾವಿರ ಪುಸ್ತಕ, ಸಾವಿರವೂ ಒಂದೇ ಬಣ್ಣ. ಮಕ್ಕಳು ಬಂದು ಎದುರು ನಿಲ್ಲುತ್ತಿದ್ದರು, ಯಾವುದನ್ನು ಎಳೆಯುವುದು ಅಂತ ಗೊತ್ತಾಗದೆ ಹಾಗೇ ಹೋಗುತ್ತಿದ್ದರು. ಶಿಸ್ತು ಅಂತ ನನಗೆ ಹೆಮ್ಮೆ ಬೇರೆ.

ನಿಮ್ಮಲ್ಲೂ ಬೈಂಡ್ ಉಂಟಾ?

ವಾಚನಾಲಯದ ಕೀಲಿಕೈ

ಉಂಟು ಮಾಷ್ಟ್ರೇ. ಎಲ್ಲದಕ್ಕೂ. ರಜೆಯಲ್ಲಿ ಮಕ್ಕಳನ್ನು ಕೂರಿಸಿ ನಾನೇ ಹಾಕಿಸಿದ್ದು.

ನಿವೃತ್ತ ಮಾಷ್ಟ್ರು

ಹಾಗಾದರೆ ಆ ಮಕ್ಕಳನ್ನೇ ಕೂರಿಸಿ ತೆಗೆಸಿ. ಹರಿಯುವ ಭಯ ಇದ್ದರೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿ.

ಅಡಿಕೆ ಚೀಲ

ಕಪಾಟು ತಂದರೂ ಪುಸ್ತಕ ಬೆನ್ನು ತೋರಿಸಿಯೇ ನಿಲ್ಲುವುದು. ಒಂದು ಕಪಾಟು ತನ್ನಿ, ಇನ್ನೊಂದರ ಬದಲು ಗೋಡೆಗೆ ಮರದ ಪಟ್ಟಿ ಹೊಡೆದು ಮುಖ ಕಾಣುವ ಹಾಗೆ ಪುಸ್ತಕ ಇಡಿ. ಅಂಗಡಿಯವರು ಬೀಡದ ಪೊಟ್ಟಣವನ್ನೂ ಮುಖ ಕಾಣುವ ಹಾಗೆ ತೂಗಿಸುತ್ತಾರೆ, ಸುಮ್ಮನೆಯಾ?

ನಾನು ಪಕ್ಷ ಬದಲಿಸಲಿಲ್ಲ, ಅಂತ ಸ್ಪಷ್ಟಪಡಿಸುತ್ತೇನೆ.

ಕುಂಬಳೆಯ ಚೆಂಡೆ

ಹಾಗಾದರೆ ಯಕ್ಷಗಾನ ಹೋಯಿತಾ?

ನಿವೃತ್ತ ಮಾಷ್ಟ್ರು

ಚೆಂಡೆಯವರೇ, ನಿಮಗೆ ಯಕ್ಷಗಾನವೇ ಬೇಕಾದರೆ ಕೂತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಮಾಡಿಸಿ. ವೇಷ ಬೇಡ, ರಂಗಸ್ಥಳ ಬೇಡ, ನಾಲ್ಕು ಬೆಂಚು ಸಾಕು. ಅರ್ಥ ಹೇಳುವವರು ಪುಸ್ತಕ ಓದದೆ ಬರುವ ಹಾಗೇ ಇಲ್ಲ, ಎದುರಿನವ ಮುಖ ಇಳಿಸಿ ಕಳಿಸುತ್ತಾನೆ. ವಾಚನಾಲಯಕ್ಕೆ ಅಂತಲೇ ಹುಟ್ಟಿದ ಕಲೆ ಅದು. ನಮ್ಮ ಕೇರಳದಲ್ಲಿ ಗ್ರಂಥಶಾಲೆ ಅಂದರೆ ಯಾವ ಕಾಲದಲ್ಲೂ ಬರೀ ಪುಸ್ತಕದ ಕೋಣೆ ಆಗಿರಲಿಲ್ಲ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅಂಬಲಪ್ಪುಳದಲ್ಲಿ ಗ್ರಂಥಶಾಲೆಗಳನ್ನು ಒಟ್ಟು ಸೇರಿಸಿದ ಮೇಲೆ ಅದು ಊರೂರಿಗೆ ಹಬ್ಬಿತು. ನಾಟಕ, ಹಾಡು, ಮಕ್ಕಳ ಕೂಟವಾದ ಬಾಲವೇದಿ ಎಲ್ಲ ಅದರ ಒಳಗೇ ಬೆಳೆದದ್ದು.

ಉಪ್ಪಳ ಎಕ್ಸ್‌ಪ್ರೆಸ್

ಮದ್ದಳೆ ಬಾರಿಸುವಾಗ ಒಳಗೆ ಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರು ಎಲ್ಲಿಗೆ ಹೋಗಬೇಕು? ನಾನು ಎರಡು ವರ್ಷ ಅಂಥ ಕೋಣೆಯಲ್ಲೇ ಓದಿದವ. ನನಗೆ ಬೇಕಾಗಿದ್ದದ್ದು ಒಂದು ಫ್ಯಾನ್, ಒಂದು ಲೈಟ್ ಮತ್ತು ಮೌನ. ಚಿತ್ರವೂ ಅಲ್ಲ, ಚೆಂಡೆಯೂ ಅಲ್ಲ. ಇದನ್ನು ಯಾರೂ ಹೇಳುತ್ತಿಲ್ಲ ಅಂತ ಹೇಳಿದೆ.

ಪೆರ್ಲದಕ್ಕ

ಅದು ಸರಿಯೇ. ಭಾನುವಾರ ಸಂಜೆ ಮಾಡಲಿ, ತಿಂಗಳಿಗೊಮ್ಮೆ. ಫ್ಯಾನ್ ಉಂಟಾ ಕೀಲಿಕೈಯವರೇ?

ವಾಚನಾಲಯದ ಕೀಲಿಕೈ

ಉಂಟು. ತಿರುಗುವುದಿಲ್ಲ.

ಬಾಸ್ಟನ್ ಭಾವ

ಇನ್ನೊಂದು ವಿಷಯ. ಜರ್ಮನಿಯಲ್ಲಿ ಚಿತ್ರವನ್ನೂ ಪುಸ್ತಕದ ಹಾಗೆ ಎರವಲು ಕೊಡುವ ಗ್ರಂಥಾಲಯಗಳು ಉಂಟು, ಅದಕ್ಕೆ ಆರ್ಟೋಥೆಕ್ ಅನ್ನುತ್ತಾರೆ. ಫ್ರೇಮ್ ಹಾಕಿದ ಚಿತ್ರ ಮನೆಗೆ ಕೊಂಡುಹೋಗಿ, ಕೆಲವು ವಾರ ಗೋಡೆಗೆ ತೂಗಿಸಿ, ಹಿಂದೆ ಕೊಡುವುದು. ದುಡ್ಡು ಕೊಟ್ಟು ಚಿತ್ರ ಕೊಳ್ಳಲು ಆಗದವರ ಮನೆಯಲ್ಲೂ ನಿಜವಾದ ಚಿತ್ರ ಇರಲಿ ಅಂತ.

ಅಡಿಕೆ ಚೀಲ

ನಮ್ಮೂರಲ್ಲಿ ಪುಸ್ತಕವೇ ಹಿಂದೆ ಬರುವುದಿಲ್ಲ ಭಾವ.

ವಾಚನಾಲಯದ ಕೀಲಿಕೈ

ಮೂರು ವಾರ ಆಯಿತು, ಹೇಳಬೇಕಲ್ಲ ಅಂತ ಬಂದೆ.

ಬಾಲ್ದಿಯವರು ನಮ್ಮ ಗೋಡೆ ನೋಡಲು ಸ್ವತಃ ಬಂದಿದ್ದರು. ಎದುರಿನ ಗೋಡೆ ಸರಿಯಾಗಿ ಪಡುವಣಕ್ಕೆ ಮುಖ ಮಾಡಿದೆ. ಹಾಗಾಗಿ ದೊಡ್ಡ ಚಿತ್ರದ ಮಾತು ಅಲ್ಲಿಗೆ ನಿಂತಿತು, ಹುಡುಗರು ಒಂದು ದಿನ ಮುಖ ಊದಿಸಿಕೊಂಡರು. ಒಂದು ಕಪಾಟು ಬಂತು. ಮರದ ಪಟ್ಟಿ ಹೊಡೆಸಿದೆವು. ಫ್ಯಾನ್ ರಿಪೇರಿ ಆಯಿತು, ಎಕ್ಸ್‌ಪ್ರೆಸ್ ಅಣ್ಣನಿಗೆ ಸಮಾಧಾನ ಆಗಲಿ. ನಲವತ್ತು ಪುಸ್ತಕದ ಬೈಂಡ್ ಬಿಚ್ಚಿದೆವು. ಒಳಗಿನಿಂದ ಎಂಥೆಂಥ ಬಣ್ಣ ಬಂತು ಅಂತ! ಅಂಟು ಜಾಸ್ತಿ ಹಚ್ಚಿದ್ದರಿಂದ ಐದಾರು ಹರಿಯಿತು, ಅದು ನನ್ನದೇ ಪಾಪ.

ಬೈಂಡ್ ಬಿಚ್ಚಿದ ಕಾಗದ ಬಿಸಾಡಲು ಮನಸ್ಸಾಗಲಿಲ್ಲ. ಮಕ್ಕಳಿಗೆ ಕೊಟ್ಟು ಏನು ಬೇಕಾದರೂ ಬಿಡಿಸಿ ಅಂದೆ. ಯಕ್ಷಗಾನ ಬರುತ್ತದೆ ಅಂತ ಕಾದೆ. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಜನ ಬಿಡಿಸಿದ್ದು ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯನನ್ನು.

ಮಂಜೇಶ್ವರದ ಮಳೆ

ಅಯ್ಯೋ, ಬಬಿಯ! 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ನಮ್ಮ ಮನೆಯಲ್ಲಿ ಅಮ್ಮ ಊಟ ಮಾಡಲಿಲ್ಲ. ಎಷ್ಟು ಸಲ ಹೋದರೂ ನನಗೆ ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ.

ಒರಲೆ

ಬರೀ ನೈವೇದ್ಯ ತಿನ್ನುವ ಮೊಸಳೆ ಅಂತ ನಂಬುತ್ತೀರಿ, ಬರೀ ಮರ ತಿನ್ನುವ ನನ್ನನ್ನು ನಂಬುವುದಿಲ್ಲ.

ಕುಂಬಳೆಯ ಚೆಂಡೆ

ಮಕ್ಕಳು ಪುಸ್ತಕ ಕೊಂಡುಹೋದರಾ? ಅದನ್ನು ಹೇಳಿ.

ವಾಚನಾಲಯದ ಕೀಲಿಕೈ

ಈ ಮೂರು ವಾರದಲ್ಲಿ ಏಳು ಮಕ್ಕಳು. ನನ್ನ ಮನೆಯವರನ್ನು ಬಿಟ್ಟು. ಅದರಲ್ಲಿ ಒಬ್ಬ ಮುಖಪುಟ ನೋಡಿ ಬಿಡಿಸಲಿಕ್ಕೆ ಅಂತ ಕೊಂಡುಹೋಗಿ, ಒಳಗೆ ಒಂದು ಪುಟವೂ ಓದದೆ ತಂದುಕೊಟ್ಟ. ಅದನ್ನು ಅವನೇ ಹೇಳಿದ. ಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು.

ಅಡಿಕೆ ಚೀಲ

ಅದು ಲೆಕ್ಕಕ್ಕಿಲ್ಲ.

ನಿವೃತ್ತ ಮಾಷ್ಟ್ರು

ಅದು ಲೆಕ್ಕಕ್ಕೆ ಉಂಟು. ಓದದೆ ತಂದುಕೊಡುವ ದೊಡ್ಡವರು ಎಷ್ಟು ಜನ, ಅವರನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯುವುದಿಲ್ಲವಾ?

ವಾಚನಾಲಯದ ಕೀಲಿಕೈ

ರಿಜಿಸ್ಟರ್ ಅಂದಾಗ ನೆನಪಾಯಿತು, ಅದನ್ನು ಕೇಳಲಿಕ್ಕೇ ಬಂದದ್ದು. ಮಕ್ಕಳ ಚಿತ್ರವನ್ನು ಒಳಗೆ ಕ್ಲಿಪ್ ಹಾಕಿ ತೂಗಿಸಿದ್ದೆ. ನಿನ್ನೆ ಪೇಪರ್ ಓದಲು ಬರುವ ಒಬ್ಬರು ಅಜ್ಜ, ಹಿಂದಿನ ಸಲ ಕಪಾಟಿಗಾಗಿ ಜೋರು ಜಗಳ ಮಾಡಿದವರೇ, ಒಂದು ಬಬಿಯನ ಎದುರು ತುಂಬ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, ಇದನ್ನು ಮನೆಗೆ ಕೊಂಡುಹೋಗಬಹುದಾ, ಹಾಸಿಗೆ ಹಿಡಿದ ಹೆಂಡತಿಗೆ ತೋರಿಸಿ ತರುತ್ತೇನೆ ಅಂತ. ಭಾವ ಹೇಳಿದ ಜರ್ಮನಿ ನೆನಪಾಗಿ ಕೊಟ್ಟುಬಿಟ್ಟೆ. ಈಗ ವಿತರಣೆ ರಿಜಿಸ್ಟರಿನಲ್ಲಿ ಲೇಖಕರ ಹೆಸರು, ಪುಸ್ತಕದ ನಂಬರು ಅಂತ ಕಾಲಂ ಉಂಟು. ಎಂತ ಬರೆಯಲಿ?

ನಿವೃತ್ತ ಮಾಷ್ಟ್ರು

ಲೇಖಕರ ಕಾಲಂನಲ್ಲಿ ಮಗುವಿನ ಹೆಸರು ಬರೆಯಿರಿ. ನಂಬರು ಹೊಸತು ಕೊಡಿ. ಹಿಂದೆ ಕೊಡುವ ತಾರೀಕು ಹಾಕಿದ್ದೀರಾ?

ವಾಚನಾಲಯದ ಕೀಲಿಕೈ

ಹಾಕಿದ್ದೇನೆ. ಹದಿನಾಲ್ಕು ದಿನ.

ಅಡಿಕೆ ಚೀಲ

ತಡವಾದರೆ ದಂಡ ಬಿಡಬೇಡಿ.